ಮೊದಲು ಬ್ಯಾಗು, ಆಮೇಲೆ ಬಂದೂಕು

ಕ್ಲೀವ್‌ಲ್ಯಾಂಡ್ ನಗರದಾಚೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ‘ಅಮೆರಿಕನ್ ಗವರ್ನಮೆಂಟ್’ ಪಾಠ ಮಾಡುತ್ತೇನೆ. ಓಹಾಯೋ ರಾಜ್ಯದಲ್ಲಿ ಈ ವಿಷಯ ಓದದೆ ಹೈಸ್ಕೂಲ್ ಮುಗಿಯುವುದಿಲ್ಲ. ನನ್ನ ಕ್ಲಾಸಿನ ಮಕ್ಕಳಿಗೆ ಹದಿನಾರು, ಹದಿನೇಳು ವರ್ಷ. ಕೆಲವರ ಕೈಗೆ ಡ್ರೈವಿಂಗ್ ಲೈಸೆನ್ಸ್ ಈಗಷ್ಟೇ ಬಂದಿರುತ್ತದೆ. ಇನ್ನು ಕೆಲವರು ಮುಂದಿನ ಚುನಾವಣೆಯಲ್ಲಿ ವೋಟು ಹಾಕುವವರು.

ಸೆನೆಟ್, ತೆರಿಗೆ, ಗವರ್ನರ್ ಅಧಿಕಾರ ಇವೆಲ್ಲ ನಡೆಯುವಾಗ ಮನೆಯವರು ಯಾರೂ ಏನೂ ಕೇಳುವುದಿಲ್ಲ. ಬಿಲ್ ಆಫ್ ರೈಟ್ಸ್, ಅಂದರೆ ಅಮೆರಿಕದ ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳು, ಬಂತು ಅಂದರೆ ಇಮೇಲ್‌ಗಳು ಶುರು. ಅದರಲ್ಲೂ ಎರಡು ತಿದ್ದುಪಡಿಗಳ ಬಗ್ಗೆ. ಎರಡನೆಯದು ಶಸ್ತ್ರ ಇಟ್ಟುಕೊಳ್ಳುವ, ಜೊತೆಗೆ ಒಯ್ಯುವ ಹಕ್ಕು. ನಾಲ್ಕನೆಯದು, ಸಕಾರಣವಿಲ್ಲದೆ ಸರ್ಕಾರ ನಿಮ್ಮ ಮೈ, ಮನೆ, ಕಾಗದಪತ್ರ, ಸಾಮಾನುಗಳನ್ನು ತಪಾಸಣೆ ಮಾಡಬಾರದು, ಜಪ್ತಿ ಮಾಡಬಾರದು ಅನ್ನುವ ಹಕ್ಕು. ಎರಡೂ 1791ರ ಡಿಸೆಂಬರ್ 15ರಂದು ಒಟ್ಟಿಗೇ ಜಾರಿಗೆ ಬಂದವು.

ಬೆಂಗಳೂರಿನಿಂದ ಅಕ್ಕ ಫೋನ್ ಮಾಡಿದಾಗ ಕೇಳುತ್ತಾಳೆ. ‘ಅಲ್ಲ ಕಣೇ, ಬಂದೂಕು ಇಟ್ಕೊಳ್ಳೋದು ಹಕ್ಕು ಅಂತ ಮಕ್ಕಳಿಗೆ ಪಾಠ ಮಾಡ್ತೀಯಾ?’ ಮಾಡುತ್ತೇನೆ. ಅದು ಈ ದೇಶದ ಸಂವಿಧಾನದಲ್ಲಿದೆ. ಹೇಗೆ ಮಾಡುತ್ತೇನೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿತು.

ಪಠ್ಯಪುಸ್ತಕದಲ್ಲಿ ಎರಡನೇ ತಿದ್ದುಪಡಿ ಮೊದಲು, ನಾಲ್ಕನೆಯದು ಆಮೇಲೆ. ನಾನು ಅದನ್ನು ತಿರುಗಿಸಿಕೊಂಡಿದ್ದೇನೆ. ಗನ್ ವಿಷಯದಲ್ಲಿ ಮಕ್ಕಳು ಮನೆಯ ಉತ್ತರವನ್ನು ಜೊತೆಗೇ ತಂದಿರುತ್ತಾರೆ. ಒಬ್ಬ ಹುಡುಗನ ಮನೆಯಲ್ಲಿ ಮೂರು ತಲೆಮಾರಿನಿಂದ ಜಿಂಕೆ ಬೇಟೆ. ಪಕ್ಕದ ಬೆಂಚಿನ ಹುಡುಗಿಯ ಸೋದರಮಾವ ಗುಂಡೇಟಿಗೆ ಸತ್ತಿದ್ದಾರೆ. ಇಬ್ಬರಿಗೂ ಹೇಳುವುದು ಬೇಕಾದಷ್ಟಿದೆ. ಕೇಳುವ ವ್ಯವಧಾನ ಕಡಿಮೆ. ಅದೇ ತಮ್ಮ ಸ್ಕೂಲ್ ಬ್ಯಾಗನ್ನು ಯಾರು, ಯಾವಾಗ, ಎಷ್ಟು ತೆರೆದು ನೋಡಬಹುದು ಅಂತ ಕೇಳಿ, ಯಾರ ಹತ್ತಿರವೂ ಸಿದ್ಧ ಉತ್ತರ ಇರುವುದಿಲ್ಲ. ಅಲ್ಲಿ ಅವರು ಯೋಚನೆ ಮಾಡುತ್ತಾರೆ. ಹಕ್ಕು ಅಂದರೆ ಬೇಕೋ ಬೇಡವೋ ಅನ್ನುವ ಪ್ರಶ್ನೆ ಅಷ್ಟೇ ಅಲ್ಲ. ಅದು ಎಲ್ಲಿಯವರೆಗೆ, ಯಾರ ಎದುರು, ಯಾರು ತೀರ್ಮಾನಿಸಬೇಕು ಅನ್ನುವುದು ಬ್ಯಾಗಿನಲ್ಲಿ ಗೊತ್ತಾಗುತ್ತದೆ. ಆ ಅಭ್ಯಾಸ ಹಿಡಿದ ಮೇಲೆ ಬಂದೂಕಿಗೆ ಹೋದರೆ ಕೂಗಾಟ ಇರುವುದಿಲ್ಲ.

ಪಾಠಕ್ಕೆ ಮುಂಚೆ ಮನೆಗೆ ಒಂದು ಪತ್ರ ಕಳಿಸುತ್ತೇನೆ. ಯಾವ ಯಾವ ಕೇಸು ಓದುತ್ತೇವೆ, ಯಾವ ಪುಟಗಳು, ಎಲ್ಲ ಅದರಲ್ಲಿರುತ್ತದೆ. ಕಳೆದ ವರ್ಷ ಒಬ್ಬ ತಂದೆ ಫೋನ್ ಮಾಡಿದರು. ದನಿ ಗಟ್ಟಿಯಾಗಿತ್ತು. ‘ನನ್ನ ಮಗ ಗನ್ ಇಟ್ಟುಕೊಂಡಿರುವ ಮನೆಯಿಂದ ಬರುತ್ತಾನೆ. ಅವನು ಅದಕ್ಕೆ ನಾಚಿಕೆ ಪಡಬೇಕು ಅಂತ ನೀವು ಹೇಳಿಕೊಡುತ್ತೀರಾ?’ ಇಲ್ಲ ಅಂದೆ. ಓದಿಸುವ ಕಾಗದಗಳನ್ನೆಲ್ಲ ಕಳಿಸಿದೆ. ಬಹುಮತದ ತೀರ್ಪಿಗೆ ಎಷ್ಟು ಪುಟವೋ ಭಿನ್ನಮತಕ್ಕೂ ಅಷ್ಟೇ ಪುಟ ಇರುವುದನ್ನು ಅವರೇ ಎಣಿಸಿ ನೋಡಿದರಂತೆ. ‘ಸರಿ, ಪಾಠ ಮಾಡಿ’ ಅಂತ ಒಂದು ಸಾಲಿನ ಉತ್ತರ ಬಂತು.

ಪಾಠ ಶುರುವಾಗುವುದು ಒಂದು ಬಟ್ಟೆ ಚೀಲದಿಂದ. 1980ರಲ್ಲಿ ನ್ಯೂಜೆರ್ಸಿಯ ಪಿಸ್ಕಾಟವೇ ಹೈಸ್ಕೂಲಿನಲ್ಲಿ ನಡೆದ ಘಟನೆ. ಬಾತ್‌ರೂಮಿನಲ್ಲಿ ಇಬ್ಬರು ಹುಡುಗಿಯರು ಸಿಗರೇಟು ಸೇದುತ್ತಿದ್ದುದನ್ನು ಟೀಚರ್ ನೋಡಿದರು. ಒಬ್ಬಳು ಒಪ್ಪಿಕೊಂಡಳು. ಹದಿನಾಲ್ಕು ವರ್ಷದ ಇನ್ನೊಬ್ಬಳು, ‘ನಾನು ಸಿಗರೇಟು ಮುಟ್ಟುವುದೇ ಇಲ್ಲ’ ಅಂದಳು. ಕೋರ್ಟಿನ ಕಾಗದಗಳಲ್ಲಿ ಅವಳ ಹೆಸರು ಟಿ.ಎಲ್.ಓ. ಅಂತ ಮಾತ್ರ ಇದೆ. ಅಸಿಸ್ಟೆಂಟ್ ವೈಸ್ ಪ್ರಿನ್ಸಿಪಾಲ್ ಅವಳ ಪರ್ಸ್ ತೆರೆದರು.

ಪರ್ಸಿನಲ್ಲಿ ಸಿಕ್ಕ ಒಂದೊಂದು ವಸ್ತುವಿನ ಹೆಸರನ್ನೂ ಚೀಟಿಯಲ್ಲಿ ಬರೆದು ಚೀಲದೊಳಗೆ ಹಾಕಿರುತ್ತೇನೆ. ಒಂದೊಂದೇ ತೆಗೆದು ಬೋರ್ಡಿಗೆ ಅಂಟಿಸುತ್ತೇನೆ. ಪ್ರತಿ ಚೀಟಿಗೂ ಮಕ್ಕಳು ‘ಮುಂದುವರಿಸಿ’ ಅಥವಾ ‘ಸಾಕು’ ಅಂತ ಬರೆಯಬೇಕು. ಕಾರಣ ಒಂದು ಸಾಲಿನಲ್ಲಿ.

ಮೊದಲ ಚೀಟಿ ಸಿಗರೇಟು ಪ್ಯಾಕು. ಹೆಚ್ಚುಕಡಿಮೆ ಎಲ್ಲರೂ ‘ಮುಂದುವರಿಸಿ’. ಹುಡುಗಿ ಸುಳ್ಳು ಹೇಳಿದಳು, ಅಲ್ವಾ? ಎರಡನೆಯದು ಸಿಗರೇಟು ಸುತ್ತುವ ತೆಳು ಕಾಗದ. ಇಲ್ಲಿ ಕ್ಲಾಸು ಎರಡಾಗುತ್ತದೆ. ಈ ಸಲ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ‘ಅವರು ಹುಡುಕಿದ್ದು ಸಿಗರೇಟು. ಸಿಗರೇಟು ಸಿಕ್ಕಿತು. ಹುಡುಕಾಟ ಅಲ್ಲಿಗೆ ಮುಗೀಬೇಕಿತ್ತು.’ ಹಿಂದಿನ ಬೆಂಚಿನಿಂದ ಒಬ್ಬ, ‘ಕಾಗದ ಕಣ್ಣೆದುರಿಗೇ ಇತ್ತಲ್ಲ. ಕಂಡಿದ್ದನ್ನು ಕಾಣಲೇ ಇಲ್ಲ ಅನ್ನೋಕಾಗುತ್ತಾ?’ ಅಂದ. ಆಮೇಲೆ ಗಾಂಜಾ, ಪೈಪು, ಖಾಲಿ ಪ್ಲಾಸ್ಟಿಕ್ ಕವರು, ಒಂದು ಡಾಲರಿನ ನೋಟುಗಳ ಕಂತೆ, ದುಡ್ಡು ಕೊಡಬೇಕಾದ ಮಕ್ಕಳ ಹೆಸರಿನ ಪಟ್ಟಿ. ಕೊನೆಯಲ್ಲಿ ಎರಡು ಪತ್ರಗಳು. ಪತ್ರಗಳ ಚೀಟಿ ಅಂಟಿಸಿದಾಗ ಅಷ್ಟು ಹೊತ್ತು ‘ಮುಂದುವರಿಸಿ’ ಅಂತಲೇ ಬರೆಯುತ್ತಿದ್ದ ಕೆಲವರ ಪೆನ್ನು ನಿಂತಿತು. ಸಾಮಾನು ನೋಡುವುದು ಬೇರೆ, ಬರೆದದ್ದನ್ನು ಓದುವುದು ಬೇರೆ ಅಂತ ಯಾರೂ ಹೇಳಿಕೊಡದೆ ಅವರಿಗೇ ಹೊಳೆಯಿತು.

ಆಮೇಲೆ 1985ರ ತೀರ್ಪು ಓದುತ್ತೇವೆ. ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ: 6–3. ಸ್ಕೂಲಿನವರೂ ಸರ್ಕಾರದ ಭಾಗವೇ, ನಾಲ್ಕನೇ ತಿದ್ದುಪಡಿ ಅವರಿಗೂ ಅನ್ವಯ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅವರಿಗೆ ವಾರಂಟ್ ಬೇಕಿಲ್ಲ, ಪೊಲೀಸರಿಗೆ ಬೇಕಾದಷ್ಟು ಬಲವಾದ ಕಾರಣವೂ ಬೇಕಿಲ್ಲ, ನ್ಯಾಯವಾದ ಅನುಮಾನ ಇದ್ದರೆ ಸಾಕು ಅಂದಿತು. ಹುಡುಗಿ ಸೋತಳು. ಭಿನ್ನಮತದ ಪುಟಗಳಲ್ಲಿ ತಾವೇ ಆಡಿದ ಮಾತು ಕಂಡಾಗ ಮಕ್ಕಳ ಮುಖ ನೋಡಬೇಕು. ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಅದೊಂದು ಖುಷಿ ಕಡಿಮೆಯಾಗಿಲ್ಲ.

ಅನುಮಾನ ಇದ್ದರೆ ಎಷ್ಟು ದೂರ ಹೋಗಬಹುದು? ಅದಕ್ಕೆ 2009ರ ಸ್ಯಾಫರ್ಡ್ ಕೇಸು. ಅರಿಜೋನಾದಲ್ಲಿ ಹದಿಮೂರು ವರ್ಷದ ಹುಡುಗಿಯ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದರು. ಹುಡುಕಿದ್ದು ನೋವಿನ ಮಾತ್ರೆ. ಅದು ಸಂವಿಧಾನಬಾಹಿರ ಅಂತ 8–1ರ ತೀರ್ಪು ಬಂತು. ಈ ಕೇಸನ್ನು ನಿಧಾನವಾಗಿ, ಮೆಲುದನಿಯಲ್ಲಿ ಮಾಡುತ್ತೇನೆ. ಕ್ಲಾಸಿನಲ್ಲಿ ಯಾರ ಮನಸ್ಸಿನಲ್ಲಿ ಏನಿದೆಯೋ ಗೊತ್ತಿರುವುದಿಲ್ಲ.

ಫೋನಿನ ಪ್ರಶ್ನೆಯಂತೂ ಬಂದೇ ಬರುತ್ತದೆ. 2014ರ ರೈಲಿ ಕೇಸಿನಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ಮಾತು ಹೇಳಿದರು: ಬಂಧಿಸಿದವನ ಜೇಬಿನಲ್ಲಿ ಫೋನ್ ಸಿಕ್ಕಿತು ಅಂತ ಪೊಲೀಸರು ಅದರೊಳಗೆ ನೋಡುವಂತಿಲ್ಲ, ವಾರಂಟ್ ತರಬೇಕು. ಸ್ಕೂಲಿನಲ್ಲಿ? ಪಕ್ಕದ ಕೆಂಟಕಿಯ ಓವೆನ್ಸ್‌ಬರೋ ಶಾಲೆಯ ಕೇಸೊಂದಿದೆ. ಕ್ಲಾಸಿನಲ್ಲಿ ಮೆಸೇಜ್ ಮಾಡುತ್ತಿದ್ದ ಹುಡುಗನ ಫೋನ್ ಕಿತ್ತುಕೊಂಡು ಒಳಗಿನ ಮೆಸೇಜ್ ಓದಿದ್ದರು. 2013ರಲ್ಲಿ ಆರನೇ ಸರ್ಕೀಟಿನ (ಕೆಲವು ರಾಜ್ಯಗಳನ್ನು ಸೇರಿಸಿದ ಫೆಡರಲ್ ಕೋರ್ಟು ವಲಯ) ಮೇಲ್ಮನವಿ ಕೋರ್ಟ್ ಅದನ್ನು ಒಪ್ಪಲಿಲ್ಲ. ನಿಯಮ ಮುರಿದಿದ್ದಕ್ಕೆ ಫೋನ್ ತೆಗೆದುಕೊಳ್ಳಬಹುದು, ಅಷ್ಟಕ್ಕೇ ಒಳಗಿನದೆಲ್ಲ ಓದುವ ಹಕ್ಕು ಬರುವುದಿಲ್ಲ ಅಂದಿತು. ಓಹಾಯೋ ಕೂಡ ಅದೇ ಸರ್ಕೀಟಿನಲ್ಲಿದೆ. ಆದ್ದರಿಂದ ಆ ತೀರ್ಪು ನಮ್ಮ ಮಕ್ಕಳ ಫೋನಿಗೂ ಸೇರಿದ್ದು. ಅದೇ ದಿನ ಎಲ್ಲರನ್ನೂ ಕಾರಿಡಾರಿಗೆ ಕರೆದುಕೊಂಡು ಹೋಗಿ ಗೋಡೆಯ ನೋಟಿಸು ಓದಿಸುತ್ತೇನೆ. ಲಾಕರುಗಳು ಶಾಲೆಯ ಆಸ್ತಿ, ಯಾವಾಗ ಬೇಕಾದರೂ ತಪಾಸಣೆ ಮಾಡಬಹುದು ಅಂತ ಅದರಲ್ಲಿದೆ. ದಿನಾ ಅದರ ಮುಂದೆಯೇ ಓಡಾಡುವ ಮಕ್ಕಳು ಅದನ್ನು ಓದಿಯೇ ಇರುವುದಿಲ್ಲ.

ಇಲ್ಲಿಂದ ನಮ್ಮೂರಿನ ಎರಡು ಕೇಸುಗಳಿಗೆ ಬರುತ್ತೇನೆ. ನಾಲ್ಕನೇ ತಿದ್ದುಪಡಿಯ ಎರಡು ದೊಡ್ಡ ತೀರ್ಪುಗಳು ಕ್ಲೀವ್‌ಲ್ಯಾಂಡಿನವು ಅಂದರೆ ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ.

ಒಂದು ಡಾಲ್‌ರೀ ಮ್ಯಾಪ್ ಅವರದು. 1957ರಲ್ಲಿ ಪೊಲೀಸರು ಅವರ ಮನೆ ಬಾಗಿಲು ಬಡಿದರು. ಬಾಂಬ್ ಪ್ರಕರಣದ ಶಂಕಿತನೊಬ್ಬ ಒಳಗಿದ್ದಾನೆ ಅನ್ನುವ ಸುದ್ದಿ. ಮ್ಯಾಪ್ ಲಾಯರಿಗೆ ಫೋನ್ ಮಾಡಿ ಕೇಳಿಕೊಂಡು, ವಾರಂಟ್ ಇಲ್ಲದೆ ಬಿಡುವುದಿಲ್ಲ ಅಂದರು. ಗಂಟೆಗಳ ನಂತರ ಇನ್ನೂ ಜಾಸ್ತಿ ಪೊಲೀಸರು ಬಂದು ಬಾಗಿಲು ಮುರಿದರು. ಒಬ್ಬರು ಕಾಗದ ಎತ್ತಿ ತೋರಿಸಿ ‘ಇದೇ ವಾರಂಟ್’ ಅಂದರು. ಮ್ಯಾಪ್ ಅದನ್ನು ಕಿತ್ತುಕೊಂಡು ಎದೆಯೊಳಗೆ ಸಿಕ್ಕಿಸಿಕೊಂಡರು. ಪೊಲೀಸರು ಅದನ್ನು ಜಗ್ಗಾಡಿ ವಾಪಸ್ ಪಡೆದರು. ಆ ವಾರಂಟು ಕೋರ್ಟಿಗೆ ಬರಲೇ ಇಲ್ಲ. ಮನೆಯಲ್ಲಿ ಸಿಕ್ಕಿದ್ದು ಒಂದು ಟ್ರಂಕಿನಲ್ಲಿದ್ದ ಅಶ್ಲೀಲ ಅನ್ನಲಾದ ಪುಸ್ತಕ, ಚಿತ್ರಗಳು. ಅದಕ್ಕೇ ಶಿಕ್ಷೆ ಆಯಿತು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸಂವಿಧಾನ ಮುರಿದು ತಂದ ಸಾಕ್ಷ್ಯವನ್ನು ರಾಜ್ಯಗಳ ಕೋರ್ಟುಗಳೂ ತೆಗೆದುಕೊಳ್ಳುವಂತಿಲ್ಲ ಅಂತ ಅಂದಿನಿಂದ ನಿಯಮವಾಯಿತು. ಬಾಗಿಲಲ್ಲಿ ನಿಂತು ‘ಕಾಗದ ತೋರಿಸಿ’ ಅಂದ ಒಬ್ಬ ಹೆಂಗಸಿನಿಂದ ಇಡೀ ದೇಶದ ಪೊಲೀಸರ ನಡೆ ಬದಲಾಯಿತು. ಇದನ್ನು ಹೇಳುವಾಗ ಪ್ರತಿ ಸಲವೂ ನನ್ನ ದನಿ ಏರುತ್ತದೆ.

ಇನ್ನೊಂದು ಟೆರ್ರಿ ಕೇಸು. ನನ್ನ ಪಾಠದ ನಡುಗಂಬ ಇದು. 1963ರ ಅಕ್ಟೋಬರ್ 31. ಡೌನ್‌ಟೌನಿನ ಯೂಕ್ಲಿಡ್ ಅವೆನ್ಯೂ ಹತ್ತಿರ ಮಾರ್ಟಿನ್ ಮೆಕ್‌ಫ್ಯಾಡನ್ ಅನ್ನುವ ಪತ್ತೇದಾರ, ಇಬ್ಬರು ಒಂದೇ ಅಂಗಡಿಯ ಕಿಟಕಿಗೆ ಮತ್ತೆ ಮತ್ತೆ ಹೋಗಿ ಇಣುಕಿ ಬರುವುದನ್ನು ನೋಡಿದರು. ದರೋಡೆಯ ಸಂಚು ಅನ್ನಿಸಿತು. ತಡೆದು ಮೈ ತಡವಿದರು. ಜಾನ್ ಟೆರ್ರಿಯ ಕೋಟಿನಲ್ಲಿ ಪಿಸ್ತೂಲು ಸಿಕ್ಕಿತು. 1968ರಲ್ಲಿ 8–1ರ ತೀರ್ಪು. ಶಸ್ತ್ರ ಇದೆ, ಅಪಾಯ ಇದೆ ಅನ್ನಲು ನ್ಯಾಯವಾದ ಕಾರಣ ಇದ್ದರೆ ಪೊಲೀಸರು ತಡೆದು ಮೇಲಿಂದ ಮೈ ತಡವಬಹುದು. ಟೆರ್ರಿ ಪರವಾಗಿ ವಾದಿಸಿದವರು ಲೂಯಿ ಸ್ಟೋಕ್ಸ್. ಅದೇ ವರ್ಷ ಓಹಾಯೋದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕಪ್ಪು ಪ್ರತಿನಿಧಿ ಅವರು. ಅವರ ಹೆಸರಿನ ಆಸ್ಪತ್ರೆ ನಮ್ಮ ಮಕ್ಕಳಿಗೆಲ್ಲ ಗೊತ್ತು.

ಟೆರ್ರಿ ಯಾಕೆ ನಡುಗಂಬ ಅಂದರೆ, ಎರಡು ತಿದ್ದುಪಡಿಗಳೂ ಅಲ್ಲಿ ಮುಖಾಮುಖಿಯಾಗುತ್ತವೆ. 2022ರ ಜೂನ್ 13ರಿಂದ ಓಹಾಯೋದಲ್ಲಿ ಇಪ್ಪತ್ತೊಂದು ತುಂಬಿದ, ಗನ್ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದ ಯಾರೇ ಆದರೂ ಪರ್ಮಿಟ್ ಇಲ್ಲದೆ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಹಾಗಾದರೆ ಅಂಗಿಯೊಳಗೆ ಉಬ್ಬು ಕಂಡರೆ ಅದು ಅನುಮಾನಕ್ಕೆ ಕಾರಣವೋ, ಹಕ್ಕಿನ ಬಳಕೆಯೋ? ಇದನ್ನು ಬೋರ್ಡಿನ ಮೇಲೆ ಬರೆದು ನಾನು ಸುಮ್ಮನಾಗುತ್ತೇನೆ. ಒಬ್ಬ ಹುಡುಗ ತಮೀರ್ ರೈಸ್ ಹೆಸರು ಎತ್ತಿದ. ಹನ್ನೆರಡು ವರ್ಷದ ಕಪ್ಪು ಹುಡುಗ. 2014ರ ನವೆಂಬರ್ 22ರಂದು ಇದೇ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ ಆಟದ ಪಿಸ್ತೂಲು ಹಿಡಿದಿದ್ದ. ಪೊಲೀಸ್ ಕಾರು ಬಂದು ಎರಡು ಸೆಕೆಂಡಿನೊಳಗೆ ಗುಂಡು ಹಾರಿತು. ‘ದೊಡ್ಡವರಿಗೆ ನಿಜವಾದ ಗನ್ ತೋರಿಸಿಕೊಂಡು ಓಡಾಡೋ ಹಕ್ಕಿರೋ ರಾಜ್ಯ ಇದು’ ಅಂದ ಅವನು. ‘ಆ ಹಕ್ಕು ಯಾರ ಕೈಯಲ್ಲಿದ್ದರೆ ಹಕ್ಕು ಥರ ಕಾಣುತ್ತೆ?’ ಬೇಟೆಯ ಮನೆಯ ಹುಡುಗ ತಲೆ ಎತ್ತಿ ಅವನನ್ನೇ ನೋಡುತ್ತಿದ್ದ. ಮಾರನೆಯ ದಿನ ಆ ಪ್ರಶ್ನೆಯ ಮೇಲೆ ಎರಡು ಪುಟ ಬರೆದುಕೊಂಡು ಬಂದಿದ್ದ.

ಇಷ್ಟಾದ ಮೇಲೆ ಎರಡನೇ ತಿದ್ದುಪಡಿ. ಅದರ ಸಾಲನ್ನು ಉದ್ದನೆಯ ಕಾಗದದ ಪಟ್ಟಿಯಲ್ಲಿ ಅಚ್ಚು ಹಾಕಿಸಿ ಕೊಡುತ್ತೇನೆ. ಮೊದಲ ಅರ್ಧದಲ್ಲಿ, ಸ್ವತಂತ್ರ ರಾಜ್ಯದ ರಕ್ಷಣೆಗೆ ಶಿಸ್ತಿನ ನಾಗರಿಕ ಪಡೆ ಬೇಕು ಅಂತ ಇದೆ. ಎರಡನೇ ಅರ್ಧದಲ್ಲಿ, ಜನರ ಶಸ್ತ್ರದ ಹಕ್ಕಿಗೆ ಧಕ್ಕೆ ಬರಬಾರದು ಅಂತ. ಒಮ್ಮೆ ಮೊದಲರ್ಧ ಮಡಚಿ ಓದಿ, ಒಮ್ಮೆ ಎರಡನೆಯದನ್ನು ಮಡಚಿ ಓದಿ, ಆಮೇಲೆ ಪೂರ್ತಿ ಬಿಡಿಸಿ ಓದಿ ಅನ್ನುತ್ತೇನೆ. 2008ರ ಹೆಲ್ಲರ್ ತೀರ್ಪಿನ ಜಗಳ ಇರುವುದೇ ಆ ಮಡಿಕೆಯಲ್ಲಿ. ಡಿಕ್ ಹೆಲ್ಲರ್ ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಟ್ಟಡದ ಕಾವಲುಗಾರ. ಕೆಲಸದಲ್ಲಿ ಪಿಸ್ತೂಲು ಕೊಡುತ್ತಿದ್ದರು, ಮನೆಯಲ್ಲಿ ಇಟ್ಟುಕೊಳ್ಳಲು ನಗರದ ಕಾನೂನು ಬಿಡುತ್ತಿರಲಿಲ್ಲ. ಇದು ಒಬ್ಬೊಬ್ಬ ವ್ಯಕ್ತಿಯ ಹಕ್ಕು ಅಂತ ಬಹುಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಕಲಿಯಾ ಬರೆದರು. ನಾಗರಿಕ ಪಡೆಗೆ ಸೇರಿದ ಹಕ್ಕು ಅಂತ ನ್ಯಾಯಮೂರ್ತಿ ಸ್ಟೀವನ್ಸ್ ಭಿನ್ನಮತ ಬರೆದರು. 5–4. ಇಬ್ಬರೂ ಅದೇ ಇತಿಹಾಸವನ್ನೇ ಓದಿದ್ದಾರೆ. ಆದರೆ ಸ್ಕಲಿಯಾ ಅದೇ ತೀರ್ಪಿನಲ್ಲಿ ಈ ಹಕ್ಕಿಗೆ ಮಿತಿ ಇಲ್ಲ ಅಂತೇನಿಲ್ಲ ಅಂತಲೂ ಬರೆದರು. ಶಾಲೆ, ಸರ್ಕಾರಿ ಕಟ್ಟಡಗಳಲ್ಲಿ ಗನ್ ನಿಷೇಧ ಹಾಗೇ ಇರಬಹುದು. ಈ ಸಾಲಿಗೆ ಎರಡೂ ಪಕ್ಷದ ಮಕ್ಕಳು ಗೆರೆ ಎಳೆಯುತ್ತಾರೆ.

ಆ ಇತಿಹಾಸ ಹೇಳುವಾಗ ಎರಡು ತಿದ್ದುಪಡಿಗಳ ಬೇರು ಹತ್ತಿರದಲ್ಲೇ ಇರುವುದನ್ನು ತೋರಿಸುತ್ತೇನೆ. 1761ರಲ್ಲಿ ಬಾಸ್ಟನ್ನಿನಲ್ಲಿ ಜೇಮ್ಸ್ ಓಟಿಸ್, ಬ್ರಿಟಿಷ್ ಸುಂಕದವರು ಯಾರ ಮನೆಗಾದರೂ ನುಗ್ಗಬಹುದಾದ ಸಾರ್ವತ್ರಿಕ ವಾರಂಟುಗಳ ವಿರುದ್ಧ ಕೋರ್ಟಿನಲ್ಲಿ ವಾದಿಸಿದ. 1775ರ ಏಪ್ರಿಲ್ 19ರಂದು ಬ್ರಿಟಿಷ್ ಸೈನಿಕರು ಕಾಂಕರ್ಡ್ ಊರಿಗೆ ಹೊರಟಿದ್ದು ಅಲ್ಲಿ ಬಚ್ಚಿಟ್ಟಿದ್ದ ಶಸ್ತ್ರಗಳನ್ನು ಹುಡುಕಿ ನಾಶ ಮಾಡಲು. ಯುದ್ಧ ಅಲ್ಲಿಂದ ಶುರುವಾಯಿತು.

2010ರ ಮೆಕ್‌ಡೊನಾಲ್ಡ್ ಕೇಸಿಗೆ ಒಂದು ಪೂರ್ತಿ ಪೀರಿಯಡ್ ಕೊಡುತ್ತೇನೆ. ಶಿಕಾಗೋದ ಕಪ್ಪು ಜನಾಂಗದ ವೃದ್ಧ ಓಟಿಸ್ ಮೆಕ್‌ಡೊನಾಲ್ಡ್. ಮನೆಗೆ ಕಳ್ಳರು ನುಗ್ಗಿದ್ದರು. ಪಿಸ್ತೂಲಿಗೆ ನಗರದ ಅನುಮತಿ ಇರಲಿಲ್ಲ. ಈ ಹಕ್ಕು ರಾಜ್ಯ, ನಗರಗಳ ಎದುರೂ ನಿಲ್ಲುತ್ತದೆ ಅಂತ ಅವರು ಗೆದ್ದರು. ಗನ್ ಹಕ್ಕು ಅಂದರೆ ಯಾರೋ ಒಂದು ಬಗೆಯ ಜನರದು ಅಂತ ಎಣಿಸಿಕೊಂಡ ಮಕ್ಕಳು ಇಲ್ಲಿ ಮತ್ತೆ ಯೋಚನೆಗೆ ಬೀಳುತ್ತಾರೆ. 2022ರ ಬ್ರೂಯೆನ್ ತೀರ್ಪು ಹೊಸ ಅಳತೆಗೋಲು ತಂದಿತು: ಗನ್ ಕಾನೂನು ಉಳಿಯಬೇಕಾದರೆ ದೇಶದ ಹಳೆಯ ಪರಂಪರೆಗೆ ಹೊಂದಬೇಕು. ಎರಡು ವರ್ಷದಲ್ಲೇ ರಹಿಮಿ ಕೇಸು ಬಂತು. ಸಂಗಾತಿಯ ಮೇಲೆ ಹಲ್ಲೆ ಮಾಡಿ ಕೋರ್ಟಿನ ನಿರ್ಬಂಧ ಹೇರಿಸಿಕೊಂಡವನಿಂದ ಗನ್ ದೂರ ಇಡಬಹುದು ಅಂತ 8–1. ಒಪ್ಪದವರು ಒಬ್ಬರೇ, ಬ್ರೂಯೆನ್ ತೀರ್ಪು ಬರೆದಿದ್ದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್.

ಈ ಪಾಠ ಮಧ್ಯದಲ್ಲಿದ್ದಾಗಲೇ ಒಮ್ಮೆ ಲಾಕ್‌ಡೌನ್ ಡ್ರಿಲ್ ಬಂತು. ಶಾಲೆಗೆ ಯಾರಾದರೂ ಗನ್ ಹಿಡಿದು ನುಗ್ಗಿದರೆ ಏನು ಮಾಡಬೇಕು ಅನ್ನುವ ಅಭ್ಯಾಸ ಅದು. ದೀಪ ಆರಿಸಿ, ಬಾಗಿಲಿಗೆ ಚಿಲಕ ಹಾಕಿ, ಎಲ್ಲರೂ ಮೂಲೆಯಲ್ಲಿ ಕೂತೆವು. ಯಾರೂ ಏನೂ ಕೇಳಲಿಲ್ಲ. ಯಾರು ಎಲ್ಲಿ ಕೂರಬೇಕು ಅಂತ ಅವರಿಗೆ ಗೊತ್ತು. ಒಂದನೇ ಕ್ಲಾಸಿಗೂ ಮುಂಚಿನಿಂದ ಮಾಡುತ್ತಾ ಬಂದಿದ್ದಾರೆ. ದೀಪ ಹಾಕಿದ ಮೇಲೆ ಒಬ್ಬಳು ನೇರವಾಗಿ ಕೇಳಿದಳು: ‘ನಿಮ್ಮ ಅಭಿಪ್ರಾಯ ಏನು?’ ನಾನು ಹೇಳುವುದಿಲ್ಲ. ಅಭಿಪ್ರಾಯ ಇಲ್ಲ ಅಂತಲ್ಲ. ಮಾರ್ಕ್ಸ್ ಕೊಡುವವಳು ನಾನು. ನಾನು ಬಾಯಿ ಬಿಟ್ಟರೆ ಅರ್ಧ ಕ್ಲಾಸು ನನಗಾಗಿ ಬರೆಯುತ್ತದೆ, ಇನ್ನರ್ಧ ನನ್ನ ವಿರುದ್ಧ ಬರೆಯುತ್ತದೆ. ಇದನ್ನೇ ಅವಳಿಗೂ ಹೇಳಿದೆ. ಅವಳಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಆದರೆ ಒಪ್ಪಿಕೊಂಡಳು.

‘ಹಾಗಾದರೆ ನಿಮ್ಮ ದೇಶದಲ್ಲಿ ಹೇಗೆ?’ ಅನ್ನುವ ಪ್ರಶ್ನೆಗೆ ಮಾತ್ರ ಧಾರಾಳವಾಗಿ ಉತ್ತರ ಕೊಡುತ್ತೇನೆ. ಭಾರತದ ಸಂವಿಧಾನದ 19ನೇ ವಿಧಿ, ಶಾಂತಿಯಿಂದ, ಶಸ್ತ್ರಗಳಿಲ್ಲದೆ ಸೇರುವ ಹಕ್ಕು ಕೊಡುತ್ತದೆ. ಗನ್ ಬೇಕಾದರೆ 1959ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಆದರೆ ನಮ್ಮ ಕೊಡಗಿದೆಯಲ್ಲ. ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ ಅಂದಾಗ ಜಿಂಕೆ ಬೇಟೆಯ ಮನೆಯ ಹುಡುಗ ನೇರ ಕೂತ. ಇನ್ನೊಬ್ಬಳು ತಕ್ಷಣ, ‘ಪಕ್ಕದ ಜಿಲ್ಲೆಯವರಿಗೆ ಯಾಕಿಲ್ಲ?’ ಅಂದಳು. ಈ ವಿನಾಯಿತಿ ತಾರತಮ್ಯ ಅಂತ ಒಬ್ಬರು ಕರ್ನಾಟಕ ಹೈಕೋರ್ಟಿಗೆ ಹೋಗಿದ್ದರು. 2021ರಲ್ಲಿ ಕೋರ್ಟ್ ವಿನಾಯಿತಿಯನ್ನೇ ಎತ್ತಿಹಿಡಿಯಿತು.

ತಪಾಸಣೆಯ ವಿಷಯದಲ್ಲಿ ಹೇಳುವುದು ಇನ್ನೂ ಇದೆ. 1954ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಅಮೆರಿಕದ ನಾಲ್ಕನೇ ತಿದ್ದುಪಡಿಯಂಥದ್ದು ನಮ್ಮ ಸಂವಿಧಾನದಲ್ಲಿ ಇಲ್ಲ ಅಂದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಎಂಬತ್ತು ದಾಟಿದ ಮೇಲೆ ಅವರು ಆ ಕೇಸು ಹಾಕಿದ್ದು ಅಂದಾಗ ಮಕ್ಕಳಿಗೆ ಬೆರಗು. ಪೊಲೀಸರು ಮನೆ ತಪಾಸಣೆ ಮಾಡುವಾಗ ಅದೇ ಬಡಾವಣೆಯ ಇಬ್ಬರನ್ನು ಸಾಕ್ಷಿಗೆ ಕರೆಸಿ ಮಹಜರು ಬರೆದು ಸಹಿ ಹಾಕಿಸಬೇಕು ಅನ್ನುವುದು ಅವರಿಗೆ ತುಂಬ ಹಿಡಿಸಿತು. ಮ್ಯಾಪ್ ಮನೆಯಲ್ಲಿ ಹಾಗೆ ಇಬ್ಬರು ನೆರೆಯವರು ಇದ್ದಿದ್ದರೆ ಅಂತ ಒಬ್ಬಳು ಕೇಳಿದಳು.

ಕೊನೆಯ ಕೆಲಸ ಪರೀಕ್ಷೆಯಲ್ಲ. ಸಭೆಯಲ್ಲಿ ಎದ್ದು ನಿಂತು ಕೇಳುವಂಥ ಒಂದು ಪ್ರಶ್ನೆ ತಯಾರು ಮಾಡಿ, ಅಧಿಕಾರ ಇರುವವರ ಮುಂದೆ ಇಡಬೇಕು. 2022ರ ಹೌಸ್ ಬಿಲ್ 99 ಅನ್ನುವ ರಾಜ್ಯದ ಕಾನೂನಿನ ಪ್ರಕಾರ ಓಹಾಯೋದ ಸ್ಕೂಲ್ ಬೋರ್ಡುಗಳು ಟೀಚರುಗಳಿಗೆ ಶಾಲೆಯಲ್ಲಿ ಗನ್ ಒಯ್ಯಲು ಅನುಮತಿ ಕೊಡಬಹುದು. ರಾಜ್ಯ ಕಡ್ಡಾಯ ಮಾಡುವ ಆರಂಭಿಕ ತರಬೇತಿ 24 ಗಂಟೆ ಮೀರುವುದಿಲ್ಲ. ಬೋರ್ಡು ಬೇಕಾದರೆ ಜಾಸ್ತಿ ಕೇಳಬಹುದು. ನಮ್ಮ ಬೋರ್ಡು ಇದನ್ನು ಚರ್ಚೆಗೆ ಇಟ್ಟಿತ್ತು. ಮಕ್ಕಳು ಸಭೆಗೆ ಹೋದರು. ಪರ ಇದ್ದವರು, ವಿರೋಧ ಇದ್ದವರು ಸೇರಿಯೇ ಒಂದು ಪ್ರಶ್ನೆ ಬರೆದಿದ್ದರು. ಓದಿದ್ದು ಬೇಟೆಯ ಮನೆಯ ಹುಡುಗ, ಪಕ್ಕದಲ್ಲಿ ನಿಂತಿದ್ದು ಸೋದರಮಾವನನ್ನು ಕಳೆದುಕೊಂಡ ಹುಡುಗಿ.

‘ಗನ್ ಇರುವ ಟೀಚರ್ ಒಬ್ಬರು ನಮ್ಮ ಬ್ಯಾಗ್ ತೆರೆಯಿರಿ ಅಂದರೆ, ಅವರು ಟೀಚರೋ ಪೊಲೀಸೋ? ನ್ಯಾಯವಾದ ಅನುಮಾನ ಸಾಕೋ, ಬಲವಾದ ಕಾರಣ ಬೇಕೋ?’

ಬೋರ್ಡಿನ ವಕೀಲರು ಅದನ್ನು ಬರೆದುಕೊಂಡರು. ಮುಂದಿನ ಸಭೆಯಲ್ಲಿ ಲಿಖಿತ ಉತ್ತರ ಕೊಡುತ್ತೇವೆ ಅಂದರು. ಮಕ್ಕಳು ಅಲ್ಲಿಯವರೆಗೆ ಕಾಯಲಿಲ್ಲ. ಶಾಲೆಗಳಲ್ಲಿರುವ ಪೊಲೀಸ್ ಅಧಿಕಾರಿಗಳು ಮಾಡಿದ ತಪಾಸಣೆಗಳ ಮೇಲಿನ ತೀರ್ಪುಗಳನ್ನು ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಅದರಲ್ಲಿ ಕೋರ್ಟುಗಳೇ ಒಂದೊಂದು ಥರ ಹೇಳಿವೆ. ಮುಂದಿನ ಸಭೆಯಲ್ಲಿ ಮಾತನಾಡುವವರ ಪಟ್ಟಿಗೆ ಹೆಸರು ಕೊಟ್ಟು ಬಂದಿದ್ದಾರೆ.